ಮೂರನೇ ಸಾಲಿನ ನಗು

ಆ ಹೆಂಗಸು ಜೋರಾಗಿ ನಕ್ಕಳು. ಅದೂ ನಾಯಕ ಕಣ್ಣೀರು ಹಾಕುವಾಗ!

ಕಿರಣ್‌ಕುಮಾರ್ ಕತ್ತಲಲ್ಲೇ ಹಲ್ಲು ಕಡಿದ. ಪರದೆಯ ಮೇಲೆ ಅಳುತ್ತಿದ್ದವನು ಅವನ ಮುತ್ತಾತ ವೆಂಕಟರಂಗಯ್ಯ. ಚಿತ್ರ ‘ಬಯಸ್ಕೋಪ್ ಬಸ್ಯ’, ತೊಂಬತ್ತು ವರ್ಷದ ಹಿಂದಿನ ಮೂಕಿ. ಹೀರೋ ಆಗಲು ಹೋದ ಹಳ್ಳಿಯವನೊಬ್ಬ ಸಿನಿಮಾ ಕಂಪನಿಯನ್ನೇ ಬುಡಮೇಲು ಮಾಡುವ ಹಾಸ್ಯ.

ಶೂಟಿಂಗ್ ಮುಗಿದ ದಿನವೇ ರೀಲಿನ ಡಬ್ಬಗಳು ಕಳುವಾಗಿದ್ದವು. ಎದುರು ಕಂಪನಿಯವರ ಕೈವಾಡ ಅಂತ ಎಲ್ಲರೂ ಆಡಿಕೊಂಡರು. ಮುತ್ತಾತ ಆ ನೋವಿಗೇ ಬಣ್ಣ ತೊಳೆದುಕೊಂಡು ಕೊತ್ತಗೆರೆಗೆ ಹೋಗಿ ಹೊಲ ಉತ್ತನಂತೆ. ಹೋದ ವರ್ಷ ಗುಬ್ಬಿಯಲ್ಲಿ ಹಳೇ ನಾಟಕದ ಮನೆ ಕೆಡವುವಾಗ, ಸ್ಟೇಜಿನ ಹಲಗೆಯಡಿ ಡಬ್ಬಗಳು ಸಿಕ್ಕವು. ಉಳಿದಿದ್ದದ್ದು ಒಂದೇ ರೀಲು. ಕಿರಣ್‌ಕುಮಾರ್ ಮುಂಬೈವರೆಗೂ ಅಲೆದು ಅದಕ್ಕೆ ಜೀವ ಕೊಡಿಸಿದ. ಇವತ್ತು ತುಮಕೂರಿನ ಸಭಾಂಗಣಕ್ಕೆ ಮುನ್ನೂರು ಜನರನ್ನು ಕರೆದಿದ್ದ.

ಬಸ್ಯ ಕ್ಯಾಮೆರಾ ಸಮೇತ ಬಿದ್ದ. ಯಾರೂ ನಗಲಿಲ್ಲ. ಮಾಲೀಕನ ವಿಗ್ ಹಾರಿತು. ಯಾರೋ ಆಕಳಿಸಿದರು. ಯಡಿಯೂರಿನಿಂದ ಬಂದಿದ್ದ ದೊಡ್ಡಮ್ಮ ರೇವಮ್ಮನ ಗೊರಕೆ ಶುರುವಾಯಿತು. ಕೊನೆಗೆ ಬಸ್ಯ ನಾಯಕಿಯ ಕೈ ಹಿಡಿದು, ಕಣ್ತುಂಬಿಕೊಂಡು ಪ್ರೇಮ ನಿವೇದಿಸಿದ. ಸಭೆ ಉಸಿರು ಬಿಗಿಹಿಡಿಯಿತು. ಆಗಲೇ ಆ ನಗು.

ದೀಪ ಹತ್ತಿದ್ದೇ ತಡ, ಕಿರಣ್‌ಕುಮಾರ್ ಮೂರನೇ ಸಾಲಿಗೆ ನುಗ್ಗಿದ. ಬಟವಾಡಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಅರ್ಜೂ!

“ಏನಮ್ಮ, ನಮ್ಮ ಮುತ್ತಾತ ಜೀವ ತೇಯ್ದು ಆಕ್ಟ್ ಮಾಡವ್ರೆ, ನಿಮಗೆ ತಮಾಷೆನಾ?”

ಪಕ್ಕದಲ್ಲಿದ್ದ ಗಂಡ ನವೀದ್ ಗಾಬರಿಯಿಂದ ಎದ್ದ. “ತಪ್ಪು ತಿಳ್ಕೋಬೇಡಿ ಸಾರ್. ಇವಳಿಗೆ ಹತ್ತನೇ ವಯಸ್ಸಿಂದ ಕಿವಿ ಕೇಳ್ಸಲ್ಲ. ತುಟಿ ನೋಡೇ ಮಾತು ತಿಳ್ಕೋತಾಳೆ.”

“ಮೂಕಿ ಪಿಚ್ಚರ್‌ಗೆ ಕಿವಿ ಯಾಕ್ರೀ ಬೇಕು?”

ಅಂದವನಿಗೆ ಥಟ್ಟನೆ ಹೊಳೆಯಿತು. ತುಟಿ! ತೊಂಬತ್ತು ವರ್ಷದಿಂದ ಯಾರ ಕಿವಿಗೂ ಬೀಳದ ಮುತ್ತಾತನ ಮಾತು ಇವಳಿಗೆ ಗೊತ್ತು. ಸಿಟ್ಟೆಲ್ಲ ಜರ್ರನೆ ಇಳಿಯಿತು. ಓಡಿಹೋಗಿ ಮೈಕ್ ತಂದು ಅವಳ ಕೈಗಿತ್ತ.

“ಏನಂತಾರೆ ಹೇಳಿ. ಎಲ್ರೂ ಕೇಳ್ಲಿ.”

ಅರ್ಜೂ ಗಂಡನ ಮುಖ ನೋಡಿ ಮೈಕ್ ವಾಪಸ್ ಚಾಚಿದಳು. “ಬೇಡ ಸಾರ್, ಬಿಡಿ.”

“ನಾಚ್ಕೋಬೇಡಿ. ಇದು ಇತಿಹಾಸ ಕಣಮ್ಮ!”

ದೀಪ ಆರಿ, ಅದೇ ದೃಶ್ಯ ಮತ್ತೆ ಓಡಿತು. ಕಿರಣ್‌ಕುಮಾರ್ ಕೈಕಟ್ಟಿ, ಎದೆಯುಬ್ಬಿಸಿ ನಿಂತ. ಅರ್ಜೂ ಪರದೆಯ ಮೇಲಿನ ತುಟಿಗಳಿಂದ ಕಣ್ಣು ಕೀಳದೆ, ಒಂದೊಂದೇ ಮಾತನ್ನು ಮೈಕಿನಲ್ಲಿ ಬಿಡಿಸಿ ಹೇಳಿದಳು:

“‘ಅಳ್ಬೇಡ ಕಣೇ, ನಂಗೂ ಅಳು ಬರ್ತದೆ. ಇಷ್ಟು ಕೆಟ್ಟ ಪಿಚ್ಚರ್ ಜನ ನೋಡುದ್ರೆ ನಮ್ಮ ಮಾನ ಉಳಿಯಲ್ಲ. ಇವತ್ತೇ ಡಬ್ಬ ಎಲ್ಲಾ ಕದ್ದು, ಗುಬ್ಬಿ ಸ್ಟೇಜ್ ಕೆಳಗೆ ಹೂತಾಕ್‌ಬುಡ್ತೀನಿ.’”