ಸೂರಿಲ್ಲದ ಮೈದಾನ

ಭಾನುವಾರದಿಂದ ಲೀಗ್ ಶುರು. ಮೂರು ತಲೆಮಾರಿನಿಂದ ಕೋಲಾರದ ಗಣಿಯೊಳಗೇ ಬದುಕುತ್ತಿದ್ದ ಊರಿನ ಫುಟ್‌ಬಾಲ್ ಕ್ಲಬ್ಬು ಮೊದಲ ಸಲ ದೊಡ್ಡ ದರ್ಜೆಗೆ ಏರಿತ್ತು. ಆ ದರ್ಜೆಯ ಪಂದ್ಯಗಳೆಲ್ಲ ನೆಲದ ಮೇಲೆ. ಹಾಗಾಗಿ ಕೋಚ್ ಫಿಲೋಮಿನಕ್ಕ ಬೆಳಗಿನ ಮೊದಲ ಲಿಫ್ಟಿನಲ್ಲೇ ಹುಡುಗಿಯರನ್ನು ಅಭ್ಯಾಸಕ್ಕೆ ಮೇಲೆ ಕರೆತಂದಿದ್ದಳು.

ಗೋಲ್‌ಕೀಪರ್ ಮುನಿರತ್ನ ಹುಲ್ಲನ್ನು ಒಮ್ಮೆ ಸವರಿ ನೋಡಿ, ಚೆಂಡನ್ನು ಬಲವಾಗಿ ಮೇಲಕ್ಕೆ ಒದ್ದಳು. ಕೆಳಗೆ ಆಡುವುದೇ ಹಾಗೆ. ಚೆಂಡು ಬಂಡೆಯ ಸೂರಿಗೆ ಬಡಿದು, ಎರಡು ಎಣಿಸುವಷ್ಟರಲ್ಲಿ ಎದುರಾಳಿಯ ಗೋಲಿನ ಮುಂದೆ ಬೀಳುತ್ತದೆ. ಆ ಲೆಕ್ಕದಲ್ಲೇ ಮುಂಚೂಣಿಯ ಹುಡುಗಿಯರು ಓಡಿದರು.

ಎರಡಾಯಿತು, ಮೂರಾಯಿತು. ಬಡಿದ ಸದ್ದೇ ಇಲ್ಲ. ಓಡುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ಕತ್ತೆತ್ತಿದರು.

“ಅಕ್ಕಾ, ಇದರ ಸೂರು ಎಲ್ಲಿದೆ?” ಮುನಿರತ್ನ ಮೇಲೆ ನೋಡುತ್ತಲೇ ಕೇಳಿದಳು.

“ಇಲ್ವಂತೆ ಕಣೆ,” ಎಂದಳು ಫಿಲೋಮಿನಕ್ಕ. “ ನಮ್ಮಜ್ಜಿ ಹೇಳ್ತಿದ್ಲು.”

ಚೆಂಡು ಹಿಂದೆಲ್ಲೋ ಬಿದ್ದು ಉರುಳಿತು. ಯಾರೂ ತಿರುಗಲಿಲ್ಲ. ಫಿಲೋಮಿನಕ್ಕ ಸೀಟಿ ಊದಿದಳು.

“ಭಾನುವಾರ ಹೀಗೆ ಬಾಯಿ ಬಿಟ್ಕೊಂಡು ನಿಂತ್ರೆ, ಆ ಕಡೆಯವರು ಗೋಲಿನ ಮೇಲೆ ಗೋಲು ಹೊಡೀತಾರೆ. ಒಂದೇ ಸೀಸನ್ನಿಗೆ ಈ ದರ್ಜೆಯಿಂದ ಆಚೆ ಬೀಳ್ತೀವಿ. ನೋಡೋದನ್ನೆಲ್ಲ ಇವತ್ತೇ ನೋಡಿ ಮುಗಿಸಿ. ಹತ್ತು ನಿಮಿಷ ಅಷ್ಟೇ!”

ಹುಡುಗಿಯರು ಹುಲ್ಲಿನ ಮೇಲೆ ಅಂಗಾತ ಮಲಗಿದರು. ನೋಡಿದಷ್ಟೂ ನೀಲಿ ದೂರ ದೂರ ಹೋಯಿತು. ಹತ್ತು ನಿಮಿಷ ಕಳೆದು ಅರ್ಧ ಗಂಟೆಯಾದರೂ ಸೀಟಿ ಕೇಳಲಿಲ್ಲ. ಯಾಕೆಂದು ಮುನಿರತ್ನ ಪಕ್ಕಕ್ಕೆ ತಿರುಗಿದಳು. ಫಿಲೋಮಿನಕ್ಕನೂ ಅಂಗಾತ ಮಲಗಿದ್ದಳು. ಸೀಟಿ ತುಟಿಯಲ್ಲೇ ಇತ್ತು, ಊದುವುದು ಮರೆತುಹೋಗಿತ್ತು.