ಹನ್ನೊಂದು ಜನರ ನಿದ್ದೆ

"ಇದನ್ನ ನಾನು ಹೊಡೆದುಹಾಕಿದ್ನಲ್ಲ?" ದೊಡ್ಡಕ್ಕ ಚಿತ್ರವನ್ನು ಇಸ್ತ್ರಿ ಮೇಜಿನ ಮೇಲೆ ಮಗುಚಿಟ್ಟಳು. ಆಸ್ಪತ್ರೆಯ ಲಾಂಡ್ರಿಗೆ ಅದು ಊಟದ ಬಿಡುವು. ಯಂತ್ರಗಳು ನಿಂತಿದ್ದವು, ಹಬೆ ಇನ್ನೂ ಆರಿರಲಿಲ್ಲ.

ಫೋಟೋಗ್ರಾಫರ್ ತಲೆ ತಗ್ಗಿಸಿದಳು. ಹೊಡೆದುಹಾಕಿದ್ದು ನಿಜ. ತೆಗೆದ ಚಿತ್ರಗಳನ್ನೆಲ್ಲ ಒಂದೇ ಹಾಳೆಯಲ್ಲಿ ಪುಟ್ಟದಾಗಿ ಅಚ್ಚುಹಾಕಿ, ಅದರಲ್ಲಿರುವವರ ಕೈಗೇ ಕೆಂಪು ಪೆನ್ಸಿಲ್ ಕೊಡುವುದು ಅವಳು ತನಗೆ ಹಾಕಿಕೊಂಡ ಕಟ್ಟಳೆ. ಅವರು ಗೀಟು ಎಳೆದದ್ದು ಹೊರಗೆ ಹೋಗಬಾರದು. ಆದರೆ ಹೊರದೇಶದ ಪ್ರದರ್ಶನಕ್ಕೆ ಕಳಿಸುವ ಅವಸರದಲ್ಲಿ ಗೀಟಿಲ್ಲದ ಇನ್ನೊಂದು ಪ್ರತಿ ಹೋಗಿಬಿಟ್ಟಿತ್ತು. ಅಲ್ಲಿಯವರು ಮೂವತ್ತಾರು ಚಿತ್ರಗಳಲ್ಲಿ ಹೆಕ್ಕಿದ್ದು ಇದನ್ನೇ: ಮಾಸಿದ ಬಟ್ಟೆಯ ಗಂಟಿಗೆ ಒರಗಿ, ಬಾಯಿ ತೆರೆದು ನಿದ್ದೆಹೋದ ದೊಡ್ಡಕ್ಕ. ಬಾಗಿಲ ಎದುರಿನ ದೊಡ್ಡ ಗೋಡೆ ಇದಕ್ಕೇ ಮೀಸಲು ಎಂದು ಬರೆದಿದ್ದರು. ದುಡಿದು ಸೋತವರ ನಿದ್ದೆ ಗೋಡೆಯ ಮೇಲೆ ಯಾವಾಗಲೂ ಚೆಂದ. ಅದೇ ನಿದ್ದೆ ಸೂಪರ್‌ವೈಸರನ ಕಣ್ಣಿಗೆ ಬಿದ್ದರೆ ಅನ್ನ ಕಿತ್ತುಕೊಳ್ಳುತ್ತದೆ.

"ಅದು ಮೂರು ಗಂಟೆ, ಡ್ಯೂಟಿ ಹೊತ್ತು ಕಣೇ. ನಾಳೆ ಪೇಪರ್‌ನಲ್ಲಿ ಬಂದ್ರೆ ನನ್ನ ಗತಿ? ಇನ್ನೂ ನಾಲ್ಕು ವರ್ಷ ಸರ್ವೀಸ್ ಇದೆ."

"ಬರಲ್ಲ ದೊಡ್ಡಕ್ಕ. ಕೊಡಲ್ಲ ಅಂತ ಬರೆದುಬಿಡ್ತೀನಿ. ಪ್ರದರ್ಶನ ಹೋದ್ರೆ ಹೋಗ್ಲಿ. ತಪ್ಪಾಯ್ತು ಅಂತ ಹೇಳೋಕೇ ಬಂದೆ."

"ಹೋದ್ರೆ ಹೋಗ್ಲಿ ಅಂತೆ! ಎಂಟು ತಿಂಗಳು ನಮ್ಮ ಜೊತೆ ಹಬೆ ಕುಡಿದಿದ್ದು ಸುಮ್ನೇನಾ?" ಎಂದು ಇಸ್ತ್ರಿ ಮಾಡುವ ಗಿಡ್ಡಿ ಆಚೆ ಮೇಜಿನಿಂದಲೇ ಗದರಿದಳು.

ಆ ಎಂಟರಲ್ಲಿ ಮೊದಲ ತಿಂಗಳು ಕ್ಯಾಮೆರಾ ಚೀಲದಿಂದ ಹೊರಗೇ ಬಂದಿರಲಿಲ್ಲ. ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ದೊಡ್ಡಕ್ಕನ ಎದುರು ಫೋಟೋಗ್ರಾಫರ್ ನಿಂತಿದ್ದಳು. ಅಂಚು ಹಿಡಿದು ಇಬ್ಬರೂ ಹತ್ತಿರವಾಗುವಾಗ ಬಿಳಿ ಬಟ್ಟೆಯಿಂದ ಬೆಳಕು ಮೇಲಕ್ಕೆ ಪುಟಿದು ದೊಡ್ಡಕ್ಕನ ಗಲ್ಲದಡಿಯ ನೆರಳನ್ನು ಅಳಿಸುತ್ತಿತ್ತು. ಅದನ್ನು ಕಂಡ ದಿನವೇ ಇವಳು ಹೊತ್ತುತಂದಿದ್ದ ದೀಪಗಳನ್ನು ಮನೆಗೆ ಸಾಗಿಸಿದಳು. ಆಮೇಲೆ ಬೆಳಕು ಸಾಲದಾದಾಗಲೆಲ್ಲ ಹೆಂಗಸರೇ ಒಂದು ಬೆಡ್‌ಶೀಟ್ ಬಿಡಿಸಿ ಹಿಡಿಯುತ್ತಿದ್ದರು. ಹತ್ತು ವರ್ಷ ಕಲಿತ ವಿದ್ಯೆ ತನ್ನದಿರಬಹುದು, ಈ ಬೆಳಕು ಇವರದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಈ ತಪ್ಪು ಅಷ್ಟು ಕೊರೆಯುತ್ತಿತ್ತು.

ದೊಡ್ಡಕ್ಕ ಗೋಡೆಯ ಗಡಿಯಾರ ನೋಡಿದಳು. "ಅವರಿಗೆ ಬೇಕಾಗಿರೋದು ನಿದ್ದೆ ತಾನೇ? ಕೊಡೋಣ. ಬನ್ರೇ ಎಲ್ಲ. ಗಡಿಯಾರ ಕಾಣೋ ಹಾಗೆ ತೆಗಿ. ಒಂದೂ ಇಪ್ಪತ್ತು. ಇದು ನಮ್ಮ ಬಿಡುವು, ಯಾವನು ಏನು ಕೇಳ್ತಾನೋ ಕೇಳ್ಲಿ."

"ಹೇಳಿ ಮಾಡಿಸಿದ ಚಿತ್ರ ನಾನು ತೆಗೆಯಲ್ಲ ದೊಡ್ಡಕ್ಕ."

"ನೀನೆಲ್ಲಿ ಹೇಳಿದೆ? ಹೇಳಿದ್ದು ನಾನು."

ಹನ್ನೊಂದು ಹೆಂಗಸರು ಗಂಟುಗಳಿಗೆ ಒರಗಿ ಕೂತರು. "ನನ್ನ ಗೊರಕೆ ಫೋಟೋದಲ್ಲಿ ಬರಲ್ಲ ತಾನೇ?" ಎಂದು ಗಿಡ್ಡಿ ಕೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ಟೂಲಿನ ಮೇಲೆ ನಿಂತ ಫೋಟೋಗ್ರಾಫರ್, ಮುಖಗಳಿಂದ ಆ ನಗು ಇಳಿಯಲೆಂದು ಕಾದಳು. ಒಂದು ನಿಮಿಷ, ಎರಡು ನಿಮಿಷ. ಬೆಳಿಗ್ಗೆ ಐದರಿಂದ ತಡೆಹಿಡಿದ ದಣಿವು ಒಬ್ಬೊಬ್ಬರನ್ನೇ ಒಳಗೆಳೆದುಕೊಂಡಿತು. ತಲೆಗಳು ಪಕ್ಕದ ಹೆಗಲಿಗೆ ಜಾರಿದವು. ಅವಳು ಕ್ಲಿಕ್ಕಿಸಿದಳು. "ಆಯ್ತು" ಎಂದಳು. ಯಾರೂ ಕಣ್ಣು ಬಿಡಲಿಲ್ಲ. ಗಂಟೆ ಹೊಡೆಯುವವರೆಗೆ ಅವಳು ಬಾಗಿಲಲ್ಲಿ ಕಾವಲು ನಿಂತಳು.

ಹಳೆಯದರ ಬದಲು ಈ ಹೊಸ ಚಿತ್ರವೇ ಇರಲಿ ಎಂದು ಹೊರದೇಶದಿಂದ ಒಪ್ಪಿಗೆ ಬಂತು. ಪಕ್ಕದಲ್ಲಿ ಅಂಟಿಸುವ ಚೀಟಿಗೆ ಅವಳು ಹನ್ನೊಂದು ಹೆಸರು ಬರೆದು ಕಳಿಸಿದಳು. ಜಾಗ ಸಾಲದು, 'ಕೆಲಸದ ಹೆಂಗಸರು' ಎಂದರೆ ಸಾಕಲ್ಲವೇ ಎಂದರು. ಹಾಗಾದರೆ ನನ್ನ ಹೆಸರು ತೆಗೆಯಿರಿ, ಜಾಗ ಆಗುತ್ತದೆ ಎಂದು ಉತ್ತರಿಸಿದಳು. ಚೀಟಿ ದೊಡ್ಡದಾಯಿತು.

ಪ್ರದರ್ಶನದ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆ, ಅವಳು ಖಾಲಿ ಸಭಾಂಗಣದಲ್ಲಿ ಒಬ್ಬಳೇ ನಿಂತಿದ್ದಳು. ಅಲ್ಲಿನ ನೆಲ ಸ್ವಚ್ಛಮಾಡುವ ಹೆಂಗಸು ಗುಂಯ್‌ಗುಡುವ ದೊಡ್ಡ ಯಂತ್ರ ತಳ್ಳಿಕೊಂಡು ಬಂದಳು. ಚಿತ್ರದ ಮುಂದೆ ನಿಂತಳು. ಒಂದೊಂದೇ ಮುಖ ನೋಡುತ್ತ ಕೊನೆಯವರೆಗೂ ಹೋದಳು. ಆಮೇಲೆ ಬಗ್ಗಿ ಯಂತ್ರವನ್ನು ಆರಿಸಿದಳು, ಸದ್ದಾಗದಂತೆ ಅದನ್ನು ಎಳೆದುಕೊಂಡು ದಾಟಿದಳು. ಪಕ್ಕದ ಕೋಣೆ ಸೇರಿದ ಮೇಲೇ ಮತ್ತೆ ಶುರುಮಾಡಿದಳು.