ಬಿಸಿಲಿನ ಕಡೆಯ ಹಗ್ಗ

ಬಾಗಿಲು ಬಡಿದ ಸದ್ದು ಕೇಳಿ ಭಾಗ್ಯಜ್ಯೋತಿ ಮೊದಲು ಪಂಜರವನ್ನು ಮಂಚದ ಕೆಳಗೆ ತಳ್ಳಿದಳು, ಆಮೇಲೆ ಬಾಗಿಲು ತೆರೆದಳು. ಕೆಳಗಿನ ಮನೆಯಲ್ಲಿರುವ ಓನರ್ ಸರ್ವಮಂಗಳಮ್ಮ ನಿಂತಿದ್ದರು. ಕೈಯಲ್ಲೊಂದು ಬಟ್ಟೆಯ ಗಂಟು, ಮುಖದ ತುಂಬ ನಗು. ತ್ಯಾಗರಾಜನಗರದ ಈ ಮಹಡಿ ಮನೆಗೆ ಬಾಡಿಗೆಗೆ ಬಂದ ದಿನ ಇದೇ ಬಾಗಿಲಲ್ಲಿ ನಿಂತು "ನಾಯಿ, ಬೆಕ್ಕು, ಏನೂ ಸಾಕೋ ಹಾಗಿಲ್ಲ" ಎಂದು ಕಟ್ಟುನಿಟ್ಟಾಗಿ ಹೇಳಿದ್ದವರು ಇವರೇ. ಪಂಜರದಲ್ಲಿದ್ದ, ಮೊಲದ ಮರಿಯಂಥ ಗಿನಿಪಿಗ್ ನಾಯಿಯೂ ಅಲ್ಲ, ಬೆಕ್ಕೂ ಅಲ್ಲ ಎನ್ನುವುದು ಭಾಗ್ಯಳ ಗಂಡ ನಿಂಗರಾಜನ ವಾದ. 'ಏನೂ' ಎಂಬ ಮಾತನ್ನು ಮಾತ್ರ ಅವನು ಜಾಣತನದಿಂದ ಮರೆತಿದ್ದ.

"ಮಲಗಿದ್ಯೇನಮ್ಮ ಪಾಪು?" ಸರ್ವಮಂಗಳಮ್ಮ ಪಿಸುದನಿಯಲ್ಲಿ ಕೇಳಿದರು.

"ಯಾವ ಪಾಪುರೀ ಆಂಟಿ?"

"ನನ್ನ ಹತ್ರ ಮುಚ್ಚಿಡ್ಬೇಡ ಕಣೆ. ಒಂದು ತಿಂಗಳಿಂದ ನೋಡ್ತಾನೇ ಇದೀನಿ, ತಾರಸಿ ಹಗ್ಗದ ಮೇಲೆ ದಿನಾ ಚೌಕ ಚೌಕ ಬಟ್ಟೆ. ದತ್ತು ತಗೊಂಡಿದಾರೆ, ಮಗು ಸ್ವಲ್ಪ ಒಗ್ಗಲಿ ಅಂತ ಯಾರಿಗೂ ಹೇಳಿಲ್ಲ ಅಂತ ನಮ್ಮ ಯಜಮಾನ್ರಿಗೂ ಹೇಳ್ದೆ. ಎಷ್ಟು ಒಳ್ಳೆ ಮಗು! ಅಳೋದೇ ಇಲ್ಲ. ಆಗೊಮ್ಮೆ ಈಗೊಮ್ಮೆ ಕುಯ್ ಕುಯ್ ಅನ್ನುತ್ತೆ, ಅಷ್ಟೆ. ನೀನಾಗೇ ಹೇಳೋವರೆಗೂ ಬರಬಾರದು ಅಂತಿದ್ದೆ. ಇವತ್ತು ಹಗ್ಗದ ಮೇಲೆ ಹೊಸ ಟರ್ಕಿ ಟವೆಲಿನ ತುಂಡು ನೋಡಿ ತಡ್ಕೊಳ್ಳಕ್ಕಾಗ್ಲಿಲ್ಲ. ಮಗುಗೆ ಯಾರಾದ್ರೂ ಹೊಸ ಬಟ್ಟೆ ಹಾಸ್ತಾರಾ? ಚುಚ್ಚುತ್ತೆ!"

ಭಾಗ್ಯಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಣೆಗೆ ವರ್ಗವಾದ ನಿಂಗರಾಜನ ಸಹೋದ್ಯೋಗಿಯೊಬ್ಬ ಬಿಟ್ಟುಹೋದ ಗಿನಿಪಿಗ್ ಜೋಡಿ ಅದು. ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಅವಳಿಗೆ ಮಾತಾಡಲು ಅವೇ ಜೊತೆ. ಪೇಪರ್ ಹಾಸಿದರೆ ಹೊಟ್ಟೆಯೆಲ್ಲ ಮಸಿ. ಮರದ ಹೊಟ್ಟು ಹಾಕಿದರೆ ಸೀನು. ಕೊನೆಗೆ ತನ್ನದೇ ಹಳೆಯ ವಾಯಿಲ್ ಸೀರೆಯನ್ನು ಚೌಕವಾಗಿ ಕತ್ತರಿಸಿ ಹಾಸಿದ್ದಳು. ಘಮಘಮ ಸೋಪಿನ ಪುಡಿಗೆ ಅವು ಮೈ ಕೆರೆದುಕೊಂಡವೆಂದು, ಹಿಕ್ಕೆ ಕೊಡವಿ ಬರೀ ಬಿಸಿನೀರಿನಲ್ಲಿ ಜಾಲಿಸುತ್ತಿದ್ದಳು. ಆ ಚೂರುಗಳೂ ಚಿಂದಿಯಾದ ಮೇಲೆ ಟವೆಲು ತಂದದ್ದು. ಇವತ್ತು ಬೆಳಿಗ್ಗೆ ಕಂದು ಬಣ್ಣದ್ದರ ಉಗುರು ಅದರ ಎಳೆಗೆ ಸಿಕ್ಕಿ ರಕ್ತ ಬಂದಿತ್ತು.

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಮಗು ಊರಿಗೆ ಹೋಗಿದೆ ಎಂದೋ, ಮತ್ತೊಂದೋ. ಮನೆಯೂ ಉಳಿಯುತ್ತಿತ್ತು, ಪಂಜರವೂ ಉಳಿಯುತ್ತಿತ್ತು. ಆದರೆ ಅವಳಿಗೆ ತಾರಸಿಯ ಹಗ್ಗ ನೆನಪಾಯಿತು. ತಿಂಗಳಿಂದ ಬಿಸಿಲು ಬೀಳುವ ಕಡೆ ಖಾಲಿ ಇರುತ್ತಿತ್ತು. ಸರ್ವಮಂಗಳಮ್ಮನ ಸೀರೆಗಳೆಲ್ಲ ನೀರಿನ ಟ್ಯಾಂಕಿನ ನೆರಳಿಗೆ ಸರಿದಿದ್ದವು. ಬಣ್ಣ ಹೋದೀತೆಂದು ಹಾಗೆ ಹಾಕುತ್ತಾರೆ ಅಂದುಕೊಂಡಿದ್ದಳು. ಮಗುವಿನ ಬಟ್ಟೆಗೆಂದು ಬಿಸಿಲು ಬಿಟ್ಟುಕೊಟ್ಟಿದ್ದರೆಂದು ಈಗ ಗೊತ್ತಾಯಿತು.

ಬಗ್ಗಿ ಪಂಜರವನ್ನು ಹೊರಗೆಳೆದಳು. "ಇವ ರೀ ಆಂಟಿ, ನಮ್ಮ ಕೂಸುಗಳು. ಗಿನಿಪಿಗ್ ಅಂತಾರ್ರಿ. ಮನಿ ಖಾಲಿ ಮಾಡ್ರಿ ಅಂದ್ರ ಮಾಡ್ತೀವ್ರಿ. ಆದ್ರ ನಿಮ್ಮ ಮುಂದ ಸುಳ್ಳು ಹೇಳಾಕ ಬಾಯಿ ಬರವಲ್ದು. ನಮ್ಮತ್ತಿ ವಾರಾ ವಾರಾ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ 'ಏನರ ವಿಶೇಷ ಐತೇನು' ಅಂತ ಕೇಳ್ತಾರ್ರಿ. ಓಣ್ಯಾಗಿನವ್ರೂ ಕೇಳ್ತಾರ. ಕೇಳದವ್ರು ಅಂದ್ರ ನೀವೊಬ್ಬರ ನೋಡ್ರಿ. ನಿಮ್ಮ ಉಪಕಾರ ನಾ ಮರಿಯಂಗಿಲ್ರಿ."

ಸರ್ವಮಂಗಳಮ್ಮ ಬಗ್ಗಿ ಪಂಜರದೊಳಗೆ ಇಣುಕಿದರು. ಮುಖದ ನಗು ಮೆಲ್ಲಗೆ ಇಳಿಯಿತು. ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತರು.

"ಉಪಕಾರ ಏನು ಬಂತಮ್ಮ. ನನ್ನನ್ನೂ ಹಾಗೇ ಕೇಳೋರು. ಕೇಳಿ ಕೇಳಿ ಅವರಿಗೇ ವಯಸ್ಸಾಗಿ ಸುಮ್ಮನಾದ್ರು."

ಸರ್ವಮಂಗಳಮ್ಮನ ಮಕ್ಕಳು ಎಲ್ಲೋ ದೂರದಲ್ಲಿದ್ದಾರೆಂದೇ ಭಾಗ್ಯ ತಿಳಿದಿದ್ದಳು. ಅವಳೂ ಯಾವತ್ತೂ ಕೇಳಿರಲಿಲ್ಲ.

ಸರ್ವಮಂಗಳಮ್ಮ ಗಂಟು ಬಿಚ್ಚಿದರು. ಹಾಲಿನ ಕೆನೆಯಷ್ಟು ಮೆತ್ತಗಿನ ಬಿಳಿ ಚೌಕಗಳು. "ನಮ್ಮ ಮಾವನವರ ಪಂಚೆ. ನನ್ನ ಮದುವೆ ಆದ ವರ್ಷವೇ ನಮ್ಮತ್ತೆ ಹರಿದು ಮಡಚಿ ಇಟ್ಟಿದ್ರು. ಪ್ರತಿ ವರ್ಷ ಯುಗಾದಿಗೆ ಮುಂಚೆ ಒಗೆದು ಬಿಸಿಲಿಗೆ ಹಾಕಿ ಮತ್ತೆ ಪೆಟ್ಟಿಗೆಯಲ್ಲಿ ಇಡ್ತಿದ್ದೆ."

"ಬ್ಯಾಡ್ರೀ ಆಂಟಿ, ಇಂಥಾವು ಇವಕ್ಕ ಯಾಕ್ರೀ..."

"ಕಾಲಲ್ಲಿ ರಕ್ತ ಬಂದಿದೆಯಲ್ಲೇ. ಎತ್ತು ಆ ಟವೆಲ್ನ."

ಟವೆಲು ತೆಗೆದು ಅವರೇ ಪಂಚೆಯ ಚೌಕವನ್ನು ಸುಕ್ಕಿಲ್ಲದಂತೆ ಹಾಸಿದರು. ಕಂದು ಗಿನಿಪಿಗ್ ಬಂದು ಮೂಸಿತು. ಗಾಯದ ಕಾಲನ್ನು ಚಾಚಿ ಹೊಟ್ಟೆಯೂರಿ ಆರಾಮಾಗಿ ಮಲಗಿತು. ಮಲಗಿದಲ್ಲೇ ಒದ್ದೆ ಮಾಡಿತು.

"ಅಯ್ಯ ಶಿವನ!" ಭಾಗ್ಯ ನಾಚಿಕೆಯಿಂದ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಸರ್ವಮಂಗಳಮ್ಮ ನಕ್ಕರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇರ್ಲಿ ಬಿಡೆ. ಈ ಬಟ್ಟೆ ಒಂದು ಸಲ ಒದ್ದೆ ಆಗೋದನ್ನ ನೋಡ್ಬೇಕು ಅಂತ ನಮ್ಮತ್ತೆ ಎಷ್ಟು ಆಸೆಪಟ್ಟಿದ್ರು."

ಹೊರಡುವಾಗ ಬಾಗಿಲಲ್ಲಿ ನಿಂತು ದನಿ ಗಟ್ಟಿ ಮಾಡಿಕೊಂಡರು. "ನೋಡು, ಈಗಲೇ ಹೇಳಿರ್ತೀನಿ. ನಾಯಿ, ಬೆಕ್ಕು ಸಾಕೋ ಹಾಗಿಲ್ಲ." 'ಏನೂ' ಎಂಬ ಮಾತನ್ನು ಈ ಸಲ ಅವರೂ ಮರೆತರು.

ಮಾರನೆಯ ಬೆಳಿಗ್ಗೆ ಭಾಗ್ಯ ಒಗೆದ ಚೌಕಗಳನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ತಾರಸಿಗೆ ಹೋದಳು. ಸರ್ವಮಂಗಳಮ್ಮ ಅದಾಗಲೇ ಬಟ್ಟೆ ಹರವಿ ಹೋಗಿದ್ದರು. ಅವರ ಸೀರೆಗಳೆಲ್ಲ ಟ್ಯಾಂಕಿನ ನೆರಳಿನಲ್ಲೇ ಇದ್ದವು. ಬಿಸಿಲಿನ ಕಡೆಯ ಹಗ್ಗ ಖಾಲಿ ಇತ್ತು.